ಎನ್‌ಕೆ ಕೋಶದ ವರದಿ: ಶೇಕಡಾವಾರು ನೋಡಿ ಬೆದರುವ ಮುನ್ನ

ಮತ್ತೆ ಮತ್ತೆ ಗರ್ಭಪಾತವಾದ ಹೆಣ್ಣುಮಕ್ಕಳ ಫೈಲಿನಲ್ಲಿ ಥೈರಾಯ್ಡ್, ಸಕ್ಕರೆ, ಕ್ರೋಮೋಸೋಮ್ ವರದಿಗಳ ಜೊತೆಗೆ, ನ್ಯಾಚುರಲ್ ಕಿಲ್ಲರ್ ಎಂಬ ರೋಗನಿರೋಧಕ ಕೋಶಗಳನ್ನು ಎಣಿಸಿದ ಇನ್ನೊಂದು ಹಾಳೆಯೂ ಈಗ ಸೇರಿಕೊಳ್ಳುತ್ತಿದೆ. ‘ಸಿಡಿ3 ನೆಗೆಟಿವ್, ಸಿಡಿ16/ಸಿಡಿ56 ಪಾಸಿಟಿವ್’ ಎಂದೊಂದು ಸಾಲು, ಅದರ ಎದುರಿಗೆ ಒಂದು ಶೇಕಡಾವಾರು, ಪಕ್ಕದಲ್ಲಿ ‘ಹೆಚ್ಚು’ ಎಂಬ ಗುರುತು. ‘ನಿಮ್ಮ ಕಿಲ್ಲರ್ ಸೆಲ್ ಜಾಸ್ತಿ ಇವೆ, ಅವೇ ಮಗುವಿನ ಮೇಲೆ ಬೀಳುತ್ತಿವೆ’ ಎಂಬ ಮಾತು ಕಿವಿಗೆ ಬಿದ್ದ ಮೇಲೆ ಆಕೆಗೆ ನಿದ್ದೆ ಎಲ್ಲಿಂದ ಬರಬೇಕು? ಸ್ಟೀರಾಯ್ಡ್, ಇಂಟ್ರಾಲಿಪಿಡ್ ಡ್ರಿಪ್, ದುಬಾರಿ ಇಮ್ಯುನೊಗ್ಲಾಬುಲಿನ್, ಎಲ್ಲವೂ ಆ ಒಂದು ಸಾಲಿನಿಂದ ಶುರುವಾಗುತ್ತವೆ.

ಆ ಸಂಖ್ಯೆಯನ್ನು ಯಂತ್ರ ತಪ್ಪಾಗಿ ಎಣಿಸಿರಲಿಕ್ಕಿಲ್ಲ. ಆದರೆ ಒಂದಕ್ಕೊಂದು ಸಂಬಂಧವಿಲ್ಲದಷ್ಟು ಬೇರೆಬೇರೆ ಸ್ವಭಾವದ ಕೋಶಗಳನ್ನು ಅದು ಒಂದೇ ಲೆಕ್ಕಕ್ಕೆ ಸೇರಿಸಿಬಿಟ್ಟಿದೆ. ಅವುಗಳನ್ನು ಬಿಡಿಸಿ ನೋಡದೆ ಚಿಕಿತ್ಸೆ ಹೇಳುವುದು ಸರಿಯಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಯಾಕೆಂದು ಹೇಳಬೇಕಾದರೆ ಈ ಕೋಶಗಳನ್ನು ಪ್ರಯೋಗಾಲಯದಲ್ಲಿ ಹೇಗೆ ಗುರುತಿಸುತ್ತಾರೆ ಎಂಬಲ್ಲಿಗೇ ಹೋಗಬೇಕು.

ನ್ಯಾಚುರಲ್ ಕಿಲ್ಲರ್ ಕೋಶಗಳು, ಚಿಕ್ಕದಾಗಿ ಎನ್‌ಕೆ ಕೋಶಗಳು, ಬೆಳಕಿಗೆ ಬಂದದ್ದು 1975ರಲ್ಲಿ. ಸ್ವೀಡನ್ನಿನ ಕ್ಯಾರೊಲಿನ್ಸ್ಕಾ ಸಂಸ್ಥೆಯಲ್ಲಿ ರಾಲ್ಫ್ ಕೀಸ್ಲಿಂಗ್, ಎವಾ ಕ್ಲೈನ್ ಮತ್ತು ಹ್ಯಾನ್ಸ್ ವಿಗ್ಜೆಲ್, ಅಮೆರಿಕದಲ್ಲಿ ರೊನಾಲ್ಡ್ ಹರ್ಬರ್‌ಮನ್ ತಂಡ, ಇಬ್ಬರೂ ಕಂಡದ್ದು ಒಂದೇ ಸಂಗತಿ. ಗೆಡ್ಡೆಯ ಪರಿಚಯವೇ ಇಲ್ಲದ ಇಲಿಗಳ ಲಿಂಫೋಸೈಟುಗಳು (ಒಂದು ಬಗೆಯ ಬಿಳಿರಕ್ತಕಣಗಳು) ಯಾವ ಪೂರ್ವತಯಾರಿಯೂ ಇಲ್ಲದೆ ಗೆಡ್ಡೆ ಕೋಶಗಳನ್ನು ಕೊಂದುಹಾಕುತ್ತಿದ್ದವು. ಟಿ ಕೋಶವೂ ಅಲ್ಲ, ಬಿ ಕೋಶವೂ ಅಲ್ಲ, ಆದರೆ ಕೊಲ್ಲುತ್ತದೆ. ಆಗ ಇಷ್ಟೇ ಅವುಗಳ ಗುರುತು. ಅದೇ ವರ್ಷ ಕೇಂಬ್ರಿಜ್‌ನಲ್ಲಿ ಕೋಲರ್ ಮತ್ತು ಮಿಲ್‌ಸ್ಟೈನ್ ಒಂದೇ ಗುರಿಗೆ ಅಂಟುವ ಪ್ರತಿಕಾಯಗಳನ್ನು ಬೇಕಾದಷ್ಟು ತಯಾರಿಸುವ ದಾರಿ ಕಂಡುಕೊಂಡರು. ಮುಂದೆ ಎನ್‌ಕೆ ಕೋಶಗಳಿಗೆ ವಿಳಾಸ ಸಿಕ್ಕಿದ್ದು ಈ ಪ್ರತಿಕಾಯಗಳಿಂದಲೇ. ಒಂದೊಂದು ಪ್ರಯೋಗಾಲಯ ಒಂದೊಂದು ಹೆಸರಿಟ್ಟು ಗೊಂದಲವಾಗತೊಡಗಿದಾಗ, 1982ರಲ್ಲಿ ಪ್ಯಾರಿಸ್ಸಿನಲ್ಲಿ ಸೇರಿದ ಕಾರ್ಯಾಗಾರದಿಂದ ಕೋಶದ ಮೇಲಿನ ಗುರುತುಗಳಿಗೆ ಸಿಡಿ ಸಂಖ್ಯೆ ಕೊಡುವ ಪದ್ಧತಿ ಶುರುವಾಯಿತು. ಸಿಡಿ56, ಸಿಡಿ16 ಎಂಬ ಹೆಸರುಗಳ ಮೂಲ ಅದು.

ಲ್ಯಾಬಿನಲ್ಲಿ ನಡೆಯುವುದು ಇದು. ರಕ್ತಕ್ಕೆ ಬೇರೆಬೇರೆ ಬಣ್ಣದಲ್ಲಿ ಹೊಳೆಯುವ ಪ್ರತಿಕಾಯಗಳನ್ನು ಬೆರೆಸುತ್ತಾರೆ. ಕೆಂಪು ರಕ್ತಕಣಗಳನ್ನು ಒಡೆದು ತೆಗೆಯುತ್ತಾರೆ. ಉಳಿದ ಕೋಶಗಳು ಫ್ಲೋ ಸೈಟೋಮೀಟರಿನ ಸಣ್ಣ ಕೊಳವೆಯಲ್ಲಿ ಸಾಲಾಗಿ ಹರಿದು, ಒಂದೊಂದಾಗಿ ಲೇಸರ್ ಮುಂದೆ ಹಾಯುತ್ತವೆ. ಯಾವ ಕೋಶದಿಂದ ಯಾವ ಬಣ್ಣ ಎಷ್ಟು ಹೊಳೆಯಿತು ಎಂಬುದು ಪರದೆಯ ಮೇಲೆ ಒಂದು ಚುಕ್ಕಿಯಾಗುತ್ತದೆ. ಸಾವಿರಾರು ಚುಕ್ಕಿಗಳ ನಡುವೆ ತಂತ್ರಜ್ಞರು ಮೌಸ್ ಹಿಡಿದು ಗೆರೆ ಎಳೆಯುತ್ತಾರೆ. ಈ ಗೆರೆಯ ಹೆಸರು ಗೇಟ್. ವರದಿಯ ಶೇಕಡಾವಾರು ಹುಟ್ಟುವುದು ಗೇಟಿನಿಂದ. ಗೆರೆ ಒಂದಿಷ್ಟು ಆಚೀಚೆ ಆದರೆ ಸಂಖ್ಯೆಯೂ ಆಚೀಚೆ ಆಗುತ್ತದೆ.

ಎನ್‌ಕೆ ಕೋಶವನ್ನು ಹಿಡಿಯಲು ಮೊದಲು ಎನ್‌ಕೆ ಅಲ್ಲದವುಗಳನ್ನು ಹೊರಗೆ ಹಾಕಬೇಕು. ಸಿಡಿ3 ಇರುವ ಕೋಶಗಳನ್ನು ತೆಗೆಯುವುದು ಮೊದಲ ಹೆಜ್ಜೆ, ಏಕೆಂದರೆ ಕೆಲವು ಟಿ ಕೋಶಗಳ ಮೈಮೇಲೂ ಸಿಡಿ56 ಇರುತ್ತದೆ. ಸಿಡಿ19 ಇರುವ ಬಿ ಕೋಶಗಳು, ಸಿಡಿ14 ಇರುವ ಮೊನೊಸೈಟುಗಳೂ ಹೊರಗೆ ಹೋಗಬೇಕು. ಮೊನೊಸೈಟುಗಳಲ್ಲಿ ಒಂದು ಪಂಗಡ ಸಿಡಿ16 ಹೊತ್ತಿರುತ್ತದೆ, ನ್ಯೂಟ್ರೋಫಿಲ್‌ಗಳ ಮೇಲಂತೂ ಸಿಡಿ16 ಧಾರಾಳ. ಇಷ್ಟನ್ನೂ ಸೋಸಿದ ಮೇಲೆ ಉಳಿದವುಗಳಲ್ಲಿ ಸಿಡಿ56 ಅಥವಾ ಸಿಡಿ16 ಹೊಳೆದರೆ ಅದು ಎನ್‌ಕೆ. ಆರೋಗ್ಯವಂತರ ರಕ್ತದ ಲಿಂಫೋಸೈಟುಗಳಲ್ಲಿ ಇವುಗಳ ಪಾಲು ಸಾಮಾನ್ಯವಾಗಿ ಶೇ. 5ರಿಂದ 15. ಹತ್ತಿರಹತ್ತಿರ ಮೂರು ಪಟ್ಟಿನ ಅಂತರವೇ ಸಹಜ ಎಂಬುದನ್ನು ಇಲ್ಲೇ ಗಮನಿಸಬೇಕು.

ಸಿಡಿ56 ಒಂದು ಬಣ್ಣದಲ್ಲಿ, ಸಿಡಿ16 ಇನ್ನೊಂದು ಬಣ್ಣದಲ್ಲಿ ಇದ್ದರೆ ಪರದೆಯ ಚಿತ್ರ ತಾನಾಗಿಯೇ ಎರಡಾಗುತ್ತದೆ. ಒಂದು ಕಡೆ ದಟ್ಟವಾದ ದೊಡ್ಡ ಮೋಡ. ಇವು ಸಿಡಿ56 ಮಂದವಾಗಿ, ಸಿಡಿ16 ಜೋರಾಗಿ ಇರುವ ಕೋಶಗಳು, ರಕ್ತದ ಎನ್‌ಕೆಗಳಲ್ಲಿ ಸುಮಾರು ಶೇ. 90. ಬಲಕ್ಕೆ, ಸ್ವಲ್ಪ ದೂರದಲ್ಲಿ, ಒಂದು ಸಣ್ಣ ದ್ವೀಪ. ಇವುಗಳಲ್ಲಿ ಸಿಡಿ56 ಕಣ್ಣು ಕುಕ್ಕುವಷ್ಟು ಪ್ರಖರ, ಸಿಡಿ16 ಇಲ್ಲವೇ ಇಲ್ಲ ಅಥವಾ ತೀರ ಕಡಿಮೆ. ಇವು ಉಳಿದ ಶೇ. 10. ಮೊದಲ ಬಾರಿ ಈ ಚಿತ್ರ ನೋಡಿದ ವಿದ್ಯಾರ್ಥಿಗೂ ಇವೆರಡೂ ಬೇರೆ ಎಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಮಂದ ಗುಂಪಿನ ಹೊಟ್ಟೆ ತುಂಬ ಪರ್ಫೊರಿನ್, ಗ್ರಾಂಜೈಮ್ ಎಂಬ ಮಾರಕ ಸರಕು. ಅವುಗಳ ಮೈಮೇಲೆ ಕೆಐಆರ್ ಎಂಬ ಗ್ರಾಹಕಗಳಿದ್ದು, ಎದುರಿನ ಕೋಶದ ಎಚ್‌ಎಲ್‌ಎ ಎಂಬ ಗುರುತಿನ ಪ್ರೋಟೀನ್ ಸರಿಯಾಗಿದೆಯೇ ಎಂದು ಪರೀಕ್ಷಿಸುತ್ತವೆ. ಸಿಡಿ16 ಪ್ರತಿಕಾಯದ ಬಾಲವನ್ನು ಹಿಡಿಯುವ ಕೊಂಡಿ. ರಿಟುಕ್ಸಿಮ್ಯಾಬ್‌ನಂಥ ಕ್ಯಾನ್ಸರ್ ಔಷಧ ಅಂಟಿಕೊಂಡ ಕೋಶವನ್ನು ಎನ್‌ಕೆ ಕೊಲ್ಲುವುದು ಈ ಕೊಂಡಿಯ ಮೂಲಕ. ಪ್ರಖರ ಗುಂಪಿನಲ್ಲಿ ಕೆಐಆರ್ ಅಪರೂಪ, ಎನ್‌ಕೆಜಿ2ಎ ಎಂಬ ಇನ್ನೊಂದು ಗ್ರಾಹಕ ಹೆಚ್ಚು. ಸಿಡಿ62ಎಲ್, ಸಿಸಿಆರ್7 ಇರುವುದರಿಂದ ಅವು ದುಗ್ಧಗ್ರಂಥಿಗಳಿಗೆ ದಾರಿ ಹಿಡಿಯುತ್ತವೆ. ಅಲ್ಲಿ ಲೆಕ್ಕ ತಲೆಕೆಳಗು, ಬಹುಪಾಲು ಎನ್‌ಕೆಗಳು ಪ್ರಖರ ಗುಂಪಿನವು. ಸೈಟೊಕೈನ್‌ಗಳ, ಅಂದರೆ ಕೋಶಗಳ ನಡುವೆ ಸಂದೇಶ ಒಯ್ಯುವ ಪ್ರೋಟೀನುಗಳ, ಕರೆಗೆ ಇಂಟರ್‌ಫೆರಾನ್ ಗಾಮಾ ಹೊಮ್ಮಿಸುವುದರಲ್ಲಿ ಅವು ಮುಂದು. ‘ಒಂದು ಕೊಲ್ಲುತ್ತದೆ, ಇನ್ನೊಂದು ಸಂದೇಶ ಕೊಡುತ್ತದೆ’ ಎಂದು ಪಠ್ಯಪುಸ್ತಕಗಳು ಬಹಳ ದಿನ ಬರೆದವು. ಆ ಗೆರೆ ಅಷ್ಟು ಗಟ್ಟಿಯಲ್ಲ. ಇಂಟರ್‌ಲ್ಯೂಕಿನ್-15 ಎಂಬ ಸೈಟೊಕೈನ್ ಕೊಟ್ಟು ಹುರಿದುಂಬಿಸಿದರೆ ಪ್ರಖರ ಕೋಶಗಳೂ ಚೆನ್ನಾಗಿ ಕೊಲ್ಲುತ್ತವೆ. ಶತ್ರುಕೋಶ ಮುಟ್ಟಿದ ಕೂಡಲೇ ಮಂದ ಕೋಶಗಳೂ ಇಂಟರ್‌ಫೆರಾನ್ ಸುರಿಸುತ್ತವೆ.

ಮಂದ ಗುಂಪಿನೊಳಗೂ ವಯಸ್ಸಿನ ಮೆಟ್ಟಿಲುಗಳಿವೆ. ಮೊದಮೊದಲು ಎನ್‌ಕೆಜಿ2ಎ ಇರುತ್ತದೆ, ಬರಬರುತ್ತ ಅದು ಕಳಚಿ ಕೆಐಆರ್ ಬರುತ್ತದೆ, ಕೊನೆಗೆ ಸಿಡಿ57. ಸಿಡಿ57 ಬಂದ ಕೋಶ ಹೆಚ್ಚು ವಿಭಜನೆಯಾಗುವುದಿಲ್ಲ, ಆದರೆ ಸಿಡಿ16ರ ಕೊಂಡಿಯಿಂದ ಕೊಲ್ಲುವುದರಲ್ಲಿ ಪಳಗಿದ್ದು.

ನನಗೆ ಇಡೀ ವಿಷಯದಲ್ಲಿ ಅತ್ಯಂತ ಸೋಜಿಗವೆನಿಸುವುದು ಸೈಟೊಮೆಗಲೊವೈರಸ್ ಬಿಟ್ಟುಹೋಗುವ ಗುರುತು. 2004ರಲ್ಲಿ ಬಾರ್ಸಿಲೋನಾದ ಮಿಗೆಲ್ ಲೋಪೆಜ್-ಬೊಟೆಟ್ ತಂಡ ಈ ವೈರಸ್ ಸೋಂಕು ಆಗಿದ್ದವರ ರಕ್ತದಲ್ಲಿ ಎನ್‌ಕೆಜಿ2ಸಿ ಎಂಬ ಗ್ರಾಹಕ ಹೊತ್ತ ಎನ್‌ಕೆ ಕೋಶಗಳು ಹೆಚ್ಚಿರುವುದನ್ನು ತೋರಿಸಿತು. ನೆನಪಿನ ಶಕ್ತಿ ಟಿ, ಬಿ ಕೋಶಗಳ ಸೊತ್ತು ಎಂದುಕೊಂಡಿದ್ದವರಿಗೆ ಇದು ದೊಡ್ಡ ಸುದ್ದಿ. ಎನ್‌ಕೆಜಿ2ಸಿ ಮತ್ತು ಸಿಡಿ57 ಎರಡೂ ಇರುವ ಈ ಕೋಶಗಳು ಸೋಂಕು ಅಡಗಿ ವರ್ಷಗಳಾದರೂ ಉಳಿಯುತ್ತವೆ. 2015ರ ಅಧ್ಯಯನಗಳು ಅವುಗಳ ಒಳಗೂ ಬದಲಾವಣೆ ಕಂಡವು. ಪಿಎಲ್‌ಜೆಡ್‌ಎಫ್ ಎಂಬ ಪ್ರೋಟೀನೂ, ಸಂಕೇತ ಸಾಗಿಸುವ ಎಫ್‌ಸಿ-ಎಪ್ಸಿಲಾನ್-ಆರ್-ಗಾಮಾ ಎಂಬ ಕೊಂಡಿಯೂ ಅನೇಕ ಕೋಶಗಳಲ್ಲಿ ಮಾಯವಾಗಿದ್ದವು. ಇವು ಎರಡೂ ಕೋಶದ ಒಳಗಿನವು. ಹೊರಮೈಯ ಗುರುತನ್ನಷ್ಟೇ ನೋಡುವವರಿಗೆ ಕಾಣುವುದಿಲ್ಲ. ಎನ್‌ಕೆಜಿ2ಸಿ ಜೀನೇ ಇಲ್ಲದ ಜನರೂ ಇದ್ದಾರೆ, ಅವರಲ್ಲಿ ಬೇರೆ ಗ್ರಾಹಕಗಳನ್ನು ಬಳಸಿ ಇಂಥದೇ ಕೋಶಗಳು ಬೆಳೆಯುತ್ತವೆ.

ಇದು ನಮಗೆ ಬಹಳ ಮುಖ್ಯ. ಭಾರತದಲ್ಲಿ ವಯಸ್ಕರಲ್ಲಿ ಬಹುತೇಕರಿಗೆ ಈ ವೈರಸ್ ಎಂದೋ ಬಂದುಹೋಗಿರುತ್ತದೆ, ಬಾಲ್ಯದಲ್ಲೇ ಅಂಟುವುದು ಸಾಮಾನ್ಯ. ಉತ್ತರ ಯುರೋಪಿನಲ್ಲಿ ಹಾಗಿಲ್ಲ. ಹೀಗಿರುವಾಗ ಅಲ್ಲಿನವರ ರಕ್ತದಿಂದ ತೆಗೆದ ‘ಸಹಜ ಮಿತಿ’ಯನ್ನು ಹಾಸನದ ಅಥವಾ ಕಲಬುರಗಿಯ ಹೆಣ್ಣುಮಗಳ ವರದಿಯ ಪಕ್ಕ ಅಚ್ಚು ಹಾಕುವುದು ಎಷ್ಟು ಸರಿ? ಸ್ಟ್ಯಾನ್‌ಫರ್ಡಿನ ಸಂಶೋಧಕರು 2013ರಲ್ಲಿ ಏಕರೂಪಿ ಅವಳಿಗಳನ್ನೂ ಸೇರಿಸಿ ನಡೆಸಿದ ಅಧ್ಯಯನದಲ್ಲಿ, ಒಬ್ಬರೇ ವ್ಯಕ್ತಿಯ ರಕ್ತದಲ್ಲಿ ಸುಮಾರು 6,000ದಿಂದ 30,000 ಬಗೆಯ ಗ್ರಾಹಕ ಜೋಡಣೆಯ ಎನ್‌ಕೆ ಕೋಶಗಳಿವೆ ಎಂದು ಅಂದಾಜಿಸಿದರು. ಕೆಐಆರ್‌ನಂಥ ತಡೆಯುವ ಗ್ರಾಹಕಗಳು ಬಹುಮಟ್ಟಿಗೆ ವಂಶವಾಹಿಯಿಂದ ಬಂದವು. ಕೆರಳಿಸುವ ಗ್ರಾಹಕಗಳು ಬಾಳಿನಲ್ಲಿ ಎದುರಾದ ಸೋಂಕು, ಪರಿಸರಗಳಿಗೆ ತಕ್ಕಂತೆ ಬದಲಾದವು. ಒಂದೇ ಜೀನ್ ಹಂಚಿಕೊಂಡ ಅವಳಿಗಳೇ ಒಂದೇ ತೆರನಾಗಿಲ್ಲ.

ಈಗ ಗರ್ಭಕೋಶದ ಮಾತಿಗೆ ಬರೋಣ. ಮೊದಲ ಮೂರು ತಿಂಗಳಲ್ಲಿ ಗರ್ಭಕೋಶದ ಒಳಪದರದಲ್ಲಿರುವ ಬಿಳಿರಕ್ತಕಣಗಳಲ್ಲಿ ಸುಮಾರು ಶೇ. 70 ಎನ್‌ಕೆ ಕೋಶಗಳು. ಸಹಜವಾದ, ಆರೋಗ್ಯವಾದ ಬಸಿರಿನಲ್ಲೇ ಇಷ್ಟು. ಇವುಗಳ ಸಿಡಿ56 ರಕ್ತದ ಪ್ರಖರ ಗುಂಪಿಗಿಂತಲೂ ಪ್ರಖರ, ಸಿಡಿ16 ಇಲ್ಲ, ಮೇಲೆ ಸಿಡಿ9 ಮತ್ತು ಸಿಡಿ49ಎ ಇವೆ. ಕೆಐಆರ್ ಕೂಡ ಇದೆ. ಅಂದರೆ ಇವು ರಕ್ತದ ಎರಡೂ ಗುಂಪುಗಳಿಗೆ ಸೇರದ ಮೂರನೆಯ ಬಗೆ. 2018ರಲ್ಲಿ ಕೇಂಬ್ರಿಜ್ ಸುತ್ತಲಿನ ಸಂಶೋಧಕರು ಮೊದಲ ತ್ರೈಮಾಸಿಕದ ಒಳಪದರವನ್ನು ಕೋಶಕೋಶವಾಗಿ ಓದಿದಾಗ ಇವುಗಳಲ್ಲೇ ಮೂರು ಉಪಗುಂಪು ಸಿಕ್ಕವು. ಸಿಡಿ39 ಇರುವುದೊಂದು, ಸಿಡಿ103 ಇರುವುದಿನ್ನೊಂದು, ಇವೆರಡೂ ಅಲ್ಲದ್ದು ಮತ್ತೊಂದು. ತಾಯಿಯ ಸುರುಳಿ ರಕ್ತನಾಳಗಳನ್ನು ಅಗಲಗೊಳಿಸಿ ಮಾಸಿಗೆ ರಕ್ತ ಧಾರಾಳವಾಗಿ ಹರಿಯುವಂತೆ ಮಾಡುವ ಕೆಲಸದಲ್ಲಿ ಇವು ಕೈಜೋಡಿಸುತ್ತವೆ.

ತೋಳಿನ ರಕ್ತದಲ್ಲಿ ಎನ್‌ಕೆ ಎಣಿಸಿ ಗರ್ಭಕೋಶದ ಎನ್‌ಕೆ ಬಗ್ಗೆ ತೀರ್ಪು ಕೊಡುವುದು ಮೆಜೆಸ್ಟಿಕ್ ಬಸ್ ನಿಲ್ದಾಣದಲ್ಲಿ ತಲೆ ಎಣಿಸಿ ಮಲೆನಾಡಿನ ಯಾವುದೋ ಊರಿನ ಜನಸಂಖ್ಯೆ ಹೇಳಿದ ಹಾಗೆ. ಅಷ್ಟೇ ಅಲ್ಲ, ರಕ್ತದ ಎಣಿಕೆಯೇ ಗಳಿಗೆಗೊಂದು. ಮೆಟ್ಟಿಲು ಹತ್ತಿ ಏದುಸಿರು ಬಿಟ್ಟರೆ, ಸೂಜಿ ಕಂಡು ಎದೆ ಹೊಡೆದುಕೊಂಡರೆ, ಅಡ್ರಿನಲಿನ್ ಏರಿ ರಕ್ತನಾಳದ ಗೋಡೆಗೆ ಅಂಟಿಕೊಂಡಿದ್ದ ಮಂದ ಗುಂಪಿನ ಎನ್‌ಕೆಗಳು ಕೆಲವೇ ನಿಮಿಷಗಳಲ್ಲಿ ರಕ್ತಪ್ರವಾಹಕ್ಕೆ ಇಳಿಯುತ್ತವೆ. ಮೂರು ಸಲ ಮಗು ಕಳೆದುಕೊಂಡು, ನಾಲ್ಕನೆಯ ಸಲದ ಭಯ ಹೊತ್ತು ಲ್ಯಾಬಿನ ಕುರ್ಚಿಯಲ್ಲಿ ಕೂತವಳ ರಕ್ತದಲ್ಲಿ ಎನ್‌ಕೆ ತುಸು ಏರಿದ್ದರೆ ಅದರಲ್ಲಿ ಆಶ್ಚರ್ಯವೇನು?

ಇನ್ನೂ ಗಂಭೀರವಾದದ್ದಿದೆ. ಆಶ್ಲಿ ಮಾಫೆಟ್ ಅವರ ತಂಡ 2004ರಲ್ಲಿ ಪ್ರಕಟಿಸಿದ ಕೆಲಸದ ಪ್ರಕಾರ, ತಾಯಿಯಲ್ಲಿ ಕೆಐಆರ್‌ನ ‘ಎಎ’ ಮಾದರಿ ಇದ್ದು ಮಗುವಿನಲ್ಲಿ ಎಚ್‌ಎಲ್‌ಎ-ಸಿಯ ‘ಸಿ2’ ಬಗೆ ಇದ್ದಾಗ, ಬಸಿರಿನಲ್ಲಿ ರಕ್ತದೊತ್ತಡ ಏರುವ ಪ್ರೀಎಕ್ಲಾಂಪ್ಸಿಯಾ ಎಂಬ ತೊಂದರೆ ಹೆಚ್ಚು. ಈ ಜೋಡಣೆಯಲ್ಲಿ ಎನ್‌ಕೆ ಕೋಶಕ್ಕೆ ಬಲವಾದ ತಡೆ ಬೀಳುತ್ತದೆ. ಬಸಿರಿಗೆ ಕಂಟಕವಾದದ್ದು ಎನ್‌ಕೆಗಳ ಅತಿ ಕೆರಳುವಿಕೆ ಅಲ್ಲ, ಅವು ಸಾಕಷ್ಟು ಚುರುಕಾಗದೆ ಇರುವುದು. ಹಾಗಾದರೆ ಎನ್‌ಕೆಯನ್ನು ಅದುಮಿಡಲು ಕೊಡುವ ಔಷಧ ಯಾರ ಒಳಿತಿಗೆ? ಯುರೋಪಿನ ಸಂತಾನೋತ್ಪತ್ತಿ ವೈದ್ಯರ ಸಂಘ, ಎಶ್ರೆ, 2017ರ ತನ್ನ ಮಾರ್ಗಸೂಚಿಯಲ್ಲೇ ಮರುಕಳಿಸುವ ಗರ್ಭಪಾತದಲ್ಲಿ ರಕ್ತದ ಅಥವಾ ಗರ್ಭಕೋಶದ ಎನ್‌ಕೆ ಪರೀಕ್ಷೆ ಮಾಡಿಸಿ ಎಂದು ಹೇಳಲು ಸಾಕಷ್ಟು ಆಧಾರ ಇಲ್ಲ ಎಂದಿತು. ಆಧಾರವಿಲ್ಲದ ಪರೀಕ್ಷೆಗೆ ದಂಪತಿಗಳು ಸಾಲ ಮಾಡಿ ದುಡ್ಡು ಕಟ್ಟುವುದನ್ನು ನೋಡಿದರೆ ಸಂಕಟವಾಗುತ್ತದೆ.

ಹೊರಮೈಯ ಗುರುತುಗಳು ಬೇರೆ ರೀತಿಯಲ್ಲೂ ದಾರಿ ತಪ್ಪಿಸಬಲ್ಲವು. ಎನ್‌ಕೆ ಕೋಶ ಕೆರಳಿದಾಗ ಎಡಿಎಎಂ17 ಎಂಬ ಕಿಣ್ವ ಅದರ ಸಿಡಿ16ನ್ನು ಕತ್ತರಿಸಿಹಾಕುತ್ತದೆ. ಕೆಲಸ ಮಾಡಿದ ಕೋಶವೇ ಪರದೆಯ ಮೇಲೆ ‘ಸಿಡಿ16 ಇಲ್ಲದ್ದು’ ಎಂದು ಬೀಳುತ್ತದೆ. ಇಂಟರ್‌ಲ್ಯೂಕಿನ್-2 ಅಥವಾ 15 ಹಾಕಿ ಕೃಷಿ ಮಾಡಿದರೆ ಮಂದ ಕೋಶಗಳ ಸಿಡಿ56 ಏರಿ, ಪ್ರಖರ ಗುಂಪಿನಿಂದ ಅವನ್ನು ಬಿಡಿಸುವುದೇ ಕಷ್ಟ. ಹೂಸ್ಟನ್ನಿನ ಎಂ.ಡಿ. ಆಂಡರ್ಸನ್ ಕೇಂದ್ರ 2020ರಲ್ಲಿ ಹೊಕ್ಕುಳಬಳ್ಳಿ ರಕ್ತದಿಂದ ಬೆಳೆಸಿ, ಕ್ಯಾನ್ಸರ್ ಕೋಶವನ್ನು ಗುರುತಿಸುವಂತೆ ಜೀನ್ ತಿದ್ದಿದ ಕಾರ್-ಎನ್‌ಕೆ ಕೋಶಗಳನ್ನು 11 ಕ್ಯಾನ್ಸರ್ ರೋಗಿಗಳಿಗೆ ಕೊಟ್ಟು 8 ಮಂದಿಯಲ್ಲಿ ಫಲ ಕಂಡಾಗಿನಿಂದ ಈ ಚಿಕಿತ್ಸೆಯ ಮೇಲೆ ಎಲ್ಲರ ಕಣ್ಣಿದೆ. ಆದರೆ ಚೀಲದೊಳಗಿನ ಕೋಶ ಯಾವ ಬಗೆಯದು ಎಂದು ಹೇಳಲು ಸಿಡಿ56ರ ಹೊಳಪು ಅಲ್ಲಿ ಆಸರೆಯಾಗದು. ದೀರ್ಘಕಾಲದ ಎಚ್‌ಐವಿಯಲ್ಲಿ ಸಿಡಿ56 ಕಳಚಿಕೊಂಡ, ಸಿಡಿ16 ಮಾತ್ರ ಉಳಿದ ಎನ್‌ಕೆಗಳು ಹೆಚ್ಚುತ್ತವೆ. ಅವನ್ನು ಮೊನೊಸೈಟುಗಳಿಂದ ಬಿಡಿಸಲು ಸಿಡಿ7 ಬೇಕು. ಸಿಡಿ56 ಎನ್‌ಕೆಯ ಏಕಸ್ವಾಮ್ಯವೂ ಅಲ್ಲ. ನರಕೋಶಗಳು, ಮೈಲೋಮಾದ ಪ್ಲಾಸ್ಮಾ ಕೋಶಗಳು, ಶ್ವಾಸಕೋಶದ ಸಣ್ಣಕೋಶ ಕ್ಯಾನ್ಸರ್, ಎಲ್ಲದರ ಮೇಲೂ ಅದು ಕಾಣಿಸುತ್ತದೆ. ಇಲಿಯಲ್ಲಾದರೋ ಎನ್‌ಕೆ ಕೋಶದ ಮೇಲೆ ಸಿಡಿ56 ಇಲ್ಲವೇ ಇಲ್ಲ. ಅಲ್ಲಿ ಎನ್‌ಕೆ1.1, ಎನ್‌ಕೆಪಿ46, ಸಿಡಿ27 ಮತ್ತು ಸಿಡಿ11ಬಿ ಆಧಾರ. ಇಲಿಯ ಫಲಿತಾಂಶವನ್ನು ನೇರ ಮನುಷ್ಯರಿಗೆ ಅನ್ವಯಿಸುವ ಸುದ್ದಿಗಳನ್ನು ಓದುವಾಗ ಇದು ನೆನಪಿರಲಿ.

ಮೂಗಿನ ಸುತ್ತ ಶುರುವಾಗುವ ಎನ್‌ಕೆ/ಟಿ ಲಿಂಫೋಮಾದ ಉದಾಹರಣೆ ನೋಡಿ. ಎಪ್‌ಸ್ಟೈನ್-ಬಾರ್ ವೈರಸ್ ಜೊತೆ ನಂಟಿರುವ, ಏಷ್ಯಾ ಮತ್ತು ಲ್ಯಾಟಿನ್ ಅಮೆರಿಕದಲ್ಲಿ ಹೆಚ್ಚು ಕಾಣುವ ಈ ಕ್ಯಾನ್ಸರಿನ ಕೋಶಗಳಿಗೆ ಫ್ಲೋ ಸೈಟೋಮೆಟ್ರಿಯಲ್ಲಿ ಹೊರಮೈ ಸಿಡಿ3 ಇರುವುದಿಲ್ಲ. ಅದೇ ಗೆಡ್ಡೆಯ ಚೂರಿಗೆ ಪ್ಯಾಥಾಲಜಿ ಲ್ಯಾಬಿನಲ್ಲಿ ಸಿಡಿ3 ಬಣ್ಣ ಹಾಕಿದರೆ ಪಾಸಿಟಿವ್ ಬರುತ್ತದೆ, ಏಕೆಂದರೆ ಸಿಡಿ3ಯ ಎಪ್ಸಿಲಾನ್ ತುಂಡು ಕೋಶದ ಒಳಗಿದೆ. ಎರಡೂ ವರದಿ ನಿಜ. ಎರಡನ್ನೂ ಕೂಡಿಸಿ ಓದುವವರಿಲ್ಲದಿದ್ದರೆ ರೋಗದ ಹೆಸರೇ ಬದಲಾಗಿಬಿಡುತ್ತದೆ.

ಉಪಗುಂಪು ಬಿಡಿಸುವುದು ಬರೀ ಸಂಶೋಧಕರ ಹವ್ಯಾಸ ಎಂದು ಯಾರಾದರೂ ಹೇಳಿದರೆ ನಾನು ಮಕ್ಕಳ ವಾರ್ಡಿನ ಕಡೆ ಕೈ ತೋರಿಸುತ್ತೇನೆ. 1989ರಲ್ಲಿ ವರದಿಯಾದ, ಹರ್ಪಿಸ್ ಕುಟುಂಬದ ವೈರಸ್‌ಗಳಿಂದ ತೀವ್ರವಾಗಿ ನರಳಿದ ಹದಿಹರೆಯದ ಹುಡುಗಿ ಎನ್‌ಕೆ ಕೊರತೆಯ ಮೊದಲ ಪ್ರಸಿದ್ಧ ಪ್ರಕರಣ. ಅವಳಲ್ಲಿದ್ದದ್ದು ಗಾಟಾ2 ಜೀನಿನ ದೋಷ ಎಂದು ದಶಕಗಳ ನಂತರ ತಿಳಿಯಿತು. ಗಾಟಾ2 ದೋಷದಲ್ಲಿ ವಿಶೇಷವಾಗಿ ಮಾಯವಾಗುವುದು ಪ್ರಖರ ಗುಂಪು. ಎಂಸಿಎಂ4 ದೋಷದಲ್ಲಿ ಇದಕ್ಕೆ ತದ್ವಿರುದ್ಧ, ಪ್ರಖರ ಗುಂಪು ಉಳಿದು ಮಂದ ಗುಂಪು ಇಲ್ಲವಾಗುತ್ತದೆ. ಗಾಟಾ2 ದೋಷವಿರುವವರಿಗೆ ಮುಂದೆ ರಕ್ತಕ್ಯಾನ್ಸರಿನ ಅಪಾಯವಿದೆ, ಅಸ್ಥಿಮಜ್ಜೆ ಕಸಿಯ ಮಾತು ಬೇಗ ಆಡಬೇಕಾಗುತ್ತದೆ. ಪ್ರಖರ ಗುಂಪು ಹೋಗಿ ಮಂದ ಗುಂಪು ಒಂದಿಷ್ಟು ಉಳಿದಿರುವ ಹಂತದಲ್ಲಿ ‘ಒಟ್ಟು ಎನ್‌ಕೆ ತುಸು ಕಡಿಮೆ’ ಎಂಬ ಸಾಲು ಆ ಸುಳಿವನ್ನು ನುಂಗಿಹಾಕುತ್ತದೆ.

ರೋಗನಿರೋಧಕ ವ್ಯವಸ್ಥೆಯೇ ಹತೋಟಿ ತಪ್ಪುವ ಎಚ್‌ಎಲ್‌ಎಚ್ ಎಂಬ ಕಾಯಿಲೆಯಲ್ಲಿ ಇನ್ನೊಂದು ಪಾಠವಿದೆ. ಮಗುವಿಗೆ ಜ್ವರ ಇಳಿಯುವುದಿಲ್ಲ, ಗುಲ್ಮ ಊದಿಕೊಳ್ಳುತ್ತದೆ, ರಕ್ತಕಣಗಳು ಕುಸಿಯುತ್ತವೆ. ಎನ್‌ಕೆ ಎಣಿಕೆ ಸರಿಯಾಗಿಯೇ ಇರಬಹುದು. ಆದರೆ ಪರ್ಫೊರಿನ್ ಇಲ್ಲ, ಅಥವಾ ಇದ್ದರೂ ಹೊರಗೆ ಸುರಿಯುವ ದಾರಿ ಕಟ್ಟಿಹೋಗಿದೆ. ಇಲ್ಲಿ ಉಪಯೋಗಕ್ಕೆ ಬರುವುದು ಸಿಡಿ107ಎ. ಇದು ಮಾಮೂಲಾಗಿ ಮಾರಕ ಚೀಲಗಳ ಒಳಪೊರೆಯಲ್ಲಿ ಕೂತಿರುತ್ತದೆ. ಕೋಶ ಗುರಿಯತ್ತ ಚೀಲ ಬರಿದು ಮಾಡಿದಾಗ ಮಾತ್ರ ಹೊರಮೈಗೆ ಬರುತ್ತದೆ. ಕೆ562 ಎಂಬ ರಕ್ತಕ್ಯಾನ್ಸರ್ ಕೋಶಗಳ ಜೊತೆ ಮಗುವಿನ ರಕ್ತವನ್ನು ಕೆಲವು ಗಂಟೆ ಇಟ್ಟು, ಎಷ್ಟು ಎನ್‌ಕೆಗಳ ಮೇಲೆ ಸಿಡಿ107ಎ ಮೂಡಿತು ಎಂದು ನೋಡಿದರೆ ಕೋಶ ಕೆಲಸ ಮಾಡುತ್ತದೋ ಇಲ್ಲವೋ ತಿಳಿಯುತ್ತದೆ. ಪರ್ಫೊರಿನ್ ಇದೆಯೇ ಎಂದು ಬೇರೆಯಾಗಿ, ಕೋಶದ ಒಳಗೆ ಬಣ್ಣ ಹಾಕಿ ನೋಡಬೇಕು.

2024ರಲ್ಲಿ ಫ್ರಾನ್ಸಿನ ಎರಿಕ್ ವಿವಿಯೆ ಮತ್ತು ಸಂಗಡಿಗರು ಆರ್‌ಎನ್‌ಎ ಮತ್ತು ಹೊರಮೈ ಪ್ರೋಟೀನ್ ಎರಡನ್ನೂ ಒಟ್ಟಿಗೆ ಓದಿ, ರಕ್ತದ ಎನ್‌ಕೆಗಳಿಗೆ ಹೊಸ ವಿಂಗಡಣೆ ಮುಂದಿಟ್ಟರು. ಎನ್‌ಕೆ1 ಹೆಚ್ಚುಕಡಿಮೆ ಹಳೆಯ ಮಂದ ಗುಂಪು, ಎನ್‌ಕೆ2 ಪ್ರಖರ ಗುಂಪು, ಎನ್‌ಕೆ3 ಸೈಟೊಮೆಗಲೊವೈರಸ್ಸಿನ ನೆನಪು ಹೊತ್ತ ಬಗೆಗೆ ಹತ್ತಿರದ್ದು. ಇವುಗಳ ಒಳಗೆ ಒಟ್ಟು ಆರು ಉಪಗುಂಪು. 22 ಬಗೆಯ ಗೆಡ್ಡೆಗಳಲ್ಲೂ ಇವು ಹೇಗೆ ಹಂಚಿಕೆಯಾಗಿವೆ ಎಂದು ಅವರು ನೋಡಿದ್ದಾರೆ. ನಾಳೆ ಎಲ್ಲ ಪ್ರಯೋಗಾಲಯಗಳೂ ಒಂದೇ ಹೆಸರು ಬಳಸಿದರೆ ಒಬ್ಬರ ಫಲಿತಾಂಶವನ್ನು ಇನ್ನೊಬ್ಬರ ಫಲಿತಾಂಶದ ಪಕ್ಕ ಇಡಬಹುದು. ಎರಡೇ ಪ್ರತಿಕಾಯಗಳಿಂದ 1980ರ ದಶಕದಲ್ಲಿ ಎಳೆದ ಗೆರೆ ಇಷ್ಟೆಲ್ಲ ಹೊಸ ತಂತ್ರಜ್ಞಾನದ ಮುಂದೆಯೂ ಬಹುಮಟ್ಟಿಗೆ ನಿಂತಿತು ಎಂಬುದು ನನಗೆ ಮೆಚ್ಚುಗೆಯ ವಿಷಯ.

ಆದರೆ ಆ ಎರಡು ಪ್ರತಿಕಾಯಗಳನ್ನೇ ನಮ್ಮ ದಿನನಿತ್ಯದ ಪರೀಕ್ಷೆಗಳು ಬೇರೆಬೇರೆಯಾಗಿ ನೋಡುತ್ತಿಲ್ಲ. ಟಿ, ಬಿ, ಎನ್‌ಕೆ ಎಣಿಸುವ ಸಿದ್ಧ ಕಿಟ್‌ಗಳಲ್ಲಿ ಸಿಡಿ16 ಮತ್ತು ಸಿಡಿ56 ಎರಡಕ್ಕೂ ಒಂದೇ ಬಣ್ಣ ಕೊಡುವುದು ರೂಢಿ. ಕಿಟ್ ತಯಾರಿಸಿದ್ದು ಒಟ್ಟು ಎಣಿಕೆಗಾಗಿ, ಆ ಕೆಲಸಕ್ಕೆ ಅದು ಸಾಕು. ಎರಡೂ ಒಂದೇ ಬಣ್ಣದಲ್ಲಿ ಹೊಳೆದರೆ ಮೋಡ ಯಾವುದು, ದ್ವೀಪ ಯಾವುದು ಎಂದು ಎಂಥ ಪರಿಣತರೂ ಹೇಳಲಾರರು. ರಕ್ತಕ್ಯಾನ್ಸರ್ ಪತ್ತೆಗೆ ಎಂಟು, ಹತ್ತು ಬಣ್ಣಗಳನ್ನು ಒಟ್ಟಿಗೆ ಓದುವ ಯಂತ್ರಗಳು ಬೆಂಗಳೂರಿನ ದೊಡ್ಡ ಲ್ಯಾಬುಗಳಲ್ಲಿ ದಿನವೂ ಓಡುತ್ತಿವೆ. ಅದೇ ಯಂತ್ರದಲ್ಲಿ ಸಿಡಿ16ಕ್ಕೆ ಒಂದು ಬಣ್ಣ, ಸಿಡಿ56ಕ್ಕೆ ಇನ್ನೊಂದು ಬಣ್ಣ ಕೊಟ್ಟು, ಪ್ರಖರ ಮತ್ತು ಮಂದ ಗುಂಪುಗಳನ್ನು ಎರಡು ಸಾಲಿನಲ್ಲಿ ಬರೆದು, ಶೇಕಡಾವಾರಿನ ಜೊತೆ ಪ್ರತಿ ಮೈಕ್ರೊಲೀಟರಿಗೆ ಎಷ್ಟು ಎಂಬ ಎಣಿಕೆಯನ್ನೂ, ‘ಸಹಜ ಮಿತಿ’ ಯಾವ ಜನರ ರಕ್ತದಿಂದ ಬಂದದ್ದು ಎಂಬುದನ್ನೂ ವರದಿಯಲ್ಲಿ ಹಾಕಲು ಹೊಸ ಉಪಕರಣ ಬೇಕಿಲ್ಲ. ವರದಿ ಕೈಗೆ ಬಂದವರು ಇವು ನಾಲ್ಕನ್ನೂ ಲ್ಯಾಬಿನವರ ಬಳಿ ಕೇಳಬಹುದು. ಕೇಳುವ ಹಕ್ಕು ಅವರಿಗಿದೆ.